ಮಿಸ್ ಯೂಲಿಯ ಕಪಾಟು

"ಓರೆ ಮಾಡ್ರೋ, ಓರೆ ಮಾಡಿ ಅಂದ್ನಲ್ಲ! ರಮ್ ಲೋಟಕ್ಕೆ ಏಳೋ ಕೈ ಮಂಚಕ್ಕೆ ಏಳಲ್ವಾ?"

ಮಂಚ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಒಳಗಿನಿಂದ ನೆರೆಮನೆಯ ಕ್ಲಾಡಿ ಹೆಗಲು ಕೊಟ್ಟು ತಳ್ಳುತ್ತಿದ್ದ. ಗೋರಿ ತೋಡಲು ಬಂದಿದ್ದ ಇಬ್ಬರು ಜಗಲಿಯ ಕಡೆಯಿಂದ ಎಳೆಯುತ್ತಿದ್ದರು. ಜಗಲಿಯ ಕುರ್ಚಿಯಲ್ಲಿ ಕೂತು ಊರುಗೋಲಿನಿಂದಲೇ ಎಲ್ಲರನ್ನೂ ನಡೆಸುತ್ತಿದ್ದವಳು ಚರ್ಚಿನ ರೂಢಿಯಂತೆ ಊರವರೆಲ್ಲ ಸಿಸ್ಟರ್ ಎನ್ನುವ ಹಾರ್ಟೆನ್ಸ್, ಸತ್ತವಳ ಅಕ್ಕ. ಸತ್ತವಳ ಗಂಡ ಆಸ್ಬರ್ನ್ ಪಿನಾಕ್ ಮಾತ್ರ ಟೋಪಿಯನ್ನು ಒಮ್ಮೆ ತಲೆಗಿಟ್ಟು ಒಮ್ಮೆ ಕೈಗೆ ತೆಗೆದುಕೊಂಡು ಅಂಗಳದ ಉದ್ದಕ್ಕೂ ಓಡಾಡುತ್ತಿದ್ದ. ಎಪ್ಪತ್ತಾರು ವರ್ಷದ ಬಡಗಿ. ಮಂಚವನ್ನು ಬಾಗಿಲು ದಾಟಿಸುವುದು ಹೇಗೆಂದು ಆ ಬೆಟ್ಟದಲ್ಲಿ ಅವನಷ್ಟು ಬಲ್ಲವರು ಇರಲಿಲ್ಲ. ಆದರೂ ಹತ್ತಿರ ಬರಲಿಲ್ಲ. ಹೆಂಡತಿಯ ಮಂಚ ಅದು, ಈವತ್ತು ಮಧ್ಯಾಹ್ನ ಅವಳನ್ನು ಮಣ್ಣು ಮಾಡುವುದಿತ್ತು.

ನಮ್ಮ ಜಮೈಕಾದ ಈ ಗುಡ್ಡಗಳಲ್ಲಿ ಶವಪೆಟ್ಟಿಗೆ ಕೊನೆಯ ಸಲ ಮನೆಯಂಗಳ ಬಿಡುವ ಮೊದಲು ಸತ್ತವರ ಕೋಣೆಯ ಗುರುತು ಅಳಿಸಬೇಕು. ಮಂಚದ ತಲೆ ಕಾಲಿನ ಕಡೆಗೆ, ಕನ್ನಡಿಯ ಮುಖ ಗೋಡೆಗೆ, ಕುರ್ಚಿ ಇದ್ದಲ್ಲಿ ಬಟ್ಟೆಯ ಟ್ರಂಕು. ಶವಪೆಟ್ಟಿಗೆಯನ್ನು ಹೊತ್ತವರು ಕೋಣೆಯ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ಸತ್ತವರು ಒಳಗೆ ನೋಡಿ, 'ಇದು ನನ್ನ ಕೋಣೆ ಅಲ್ಲ' ಅಂದುಕೊಂಡು ಹೊರಟುಬಿಡುತ್ತಾರೆ. ಗುರುತು ಸಿಕ್ಕರೆ ಹೋಗುವುದಿಲ್ಲ, ದಿನಾ ಬಂದು ತಮ್ಮ ಕೆಲಸ ಮಾಡುತ್ತ ಕೂರುತ್ತಾರೆ. ನಂಬುವುದಿಲ್ಲ ಎಂದು ಹೇಳುವವರೂ ತಮ್ಮ ಮನೆಯಲ್ಲಿ ಸಾವಾದಾಗ ಮಂಚ ತಿರುಗಿಸದೆ ಬಿಟ್ಟದ್ದನ್ನು ನಾನು ನೋಡಿಲ್ಲ.

ಮಂಚ ಹೊರಬಂತು, ತಿರುಗಿತು, ಮತ್ತೆ ಒಳಹೋಯಿತು. ಹತ್ತೂವರೆಯ ಹೊತ್ತಿಗೆ ಕೋಣೆಯಲ್ಲಿ ಇದ್ದದ್ದೆಲ್ಲ ಜಾಗ ಬದಲಿಸಿತ್ತು. ಉಳಿದದ್ದು ಕಪಾಟು ಒಂದೇ.

ಕಪಾಟು ಅಂದರೆ ನೆಲದಿಂದ ಛಾವಣಿಯ ತೊಲೆಯವರೆಗೆ, ಗೋಡೆಯ ಎರಡು ಕಂಬಗಳ ನಡುವೆ ಇದ್ದಷ್ಟೂ ಅಗಲಕ್ಕೆ ನಿಂತ ಸೀಡರ್ ಮರದ ಕಪಾಟು. ಮೇಲೆ ಬಟ್ಟೆ ಇಡುವ ಅಂಕಣ, ಕೆಳಗೆ ದೊಡ್ಡ ಗೂಡು, ಮಧ್ಯೆ ಒಂದು ದಪ್ಪ ಹಲಗೆ. ಆ ಹಲಗೆಯನ್ನು ಎಳೆದು ಬಿಡಿಸಿ, ಮುಂದೆ ಒಂದು ಕಾಲು ಕೊಟ್ಟರೆ ಮೇಜು. ಕೆಲಸ ಮುಗಿದ ಮೇಲೆ ಮಡಚಿದರೆ ಕಪಾಟಿನ ಬಾಗಿಲು. ಯೂಲಾಲಿ ಪಿನಾಕ್, ಊರಿನವರಿಗೆ ಮಿಸ್ ಯೂಲಿ, ಹತ್ತೊಂಬತ್ತು ವರ್ಷ ಅದರ ಮುಂದೆ ಕೂತು ಸುತ್ತಲಿನ ಮೂರು ಶಾಲೆಗಳ ಮಕ್ಕಳ ಸಮವಸ್ತ್ರ ಹೊಲಿದವಳು.

"ಇದನ್ನ ಎಲ್ಲಿಡೋಣ ಸಿಸ್ಟರ್?" ಕ್ಲಾಡಿ ಬೆವರು ಒರೆಸಿಕೊಳ್ಳುತ್ತ ಕೇಳಿದ. "ಎಂಟು ಬೋಲ್ಟು ಹಾಕಿ ಕಂಬಕ್ಕೆ ಬಿಗಿದಿದ್ದಾಳೆ, ಎಲ್ಲಾ ತುಕ್ಕು ಹಿಡಿದು ಒಂದಾಗಿವೆ. ಬಿಚ್ಚಿದ್ರೂ ಬಾಗಿಲಲ್ಲಿ ಹಿಡಿಯಲ್ಲ, ಅದು ಊರಿಗೇ ಗೊತ್ತು. ಇದನ್ನ ಕದಲಿಸ್ಬೇಕಾದ್ರೆ ಮನೆನೇ ಕದಲಿಸ್ಬೇಕು."

"ಹಾಗಾದ್ರೆ ಕೊಯ್ದುಹಾಕಿ."

ಅಂಗಳದಲ್ಲಿ ಮೇಕೆ ತಲೆಕಾಲಿನ ಸಾರು ಕದಡುತ್ತಿದ್ದ ಹೆಂಗಸರೂ ಒಮ್ಮೆ ಇತ್ತ ತಿರುಗಿದರು.

"ಏನು ಹಾಗ್ ನೋಡ್ತೀರಿ?" ಹಾರ್ಟೆನ್ಸ್ ಕೋಲು ಕುಟ್ಟಿದಳು. "ಮಂಚ ಗುರುತು ಸಿಗದೇ ಇರಬಹುದು. ಆ ಮೇಜು ಸಿಗುತ್ತೆ. ನೇರ ಬಂದು ಕೂತ್ಕೋತಾಳೆ ನನ್ನ ತಂಗಿ. ಬದುಕಿದ್ದಷ್ಟು ದಿನ ಬೆನ್ನು ನೆಟ್ಟಗೆ ಮಾಡಲಿಲ್ಲ, ಸತ್ತ ಮೇಲೂ ದುಡೀಬೇಕಾ ಅವಳು? ಆಸ್ಬರ್ನ್! ಗರಗಸ ತಗೊಂಡು ಬಾ. ಗಂಡನೂ ನೀನೇ, ಬಡಗೀನೂ ನೀನೇ."

"ಪಟ್ಟಣದಿಂದ ಅವಳನ್ನ ತರೋ ವ್ಯಾನ್ ಬರೋದು ಒಂದು ಗಂಟೆಗೆ ಅಕ್ಕ. ಇನ್ನೂ ಟೈಮಿದೆ."

"ಟೈಮಿದೆ! ಈ ಮಾತನ್ನ ನಿನ್ನ ಬಾಯಲ್ಲಿ ಕೇಳ್ತಾ ಕೇಳ್ತಾ ನನ್ನ ಹಲ್ಲೆಲ್ಲ ಉದುರಿಹೋಯ್ತು. ಶಿಲುಬೆ ಎಲ್ಲಿ?"

ಆಸ್ಬರ್ನ್ ಟೋಪಿ ತಲೆಗಿಟ್ಟುಕೊಂಡ. ಶವಪೆಟ್ಟಿಗೆಯನ್ನು ಮಗಳೇ ಪಟ್ಟಣದಲ್ಲಿ ಆರಿಸಿದ್ದಳು, ಅಪ್ಪನ ಕೈ ಈಗ ನಡುಗುತ್ತದೆಂದು. ಗೋರಿಯ ತಲೆಗೆ ನೆಡುವ ಶಿಲುಬೆಯನ್ನಾದರೂ ನಾನೇ ಮಾಡುತ್ತೇನೆಂದು ಅವನು ಹೇಳಿ ಹನ್ನೆರಡು ದಿನವಾಗಿತ್ತು. ಎರಡು ಹಲಗೆ ಕೀಸಿ ನುಣುಪು ಮಾಡಿದ್ದ, ಒಂದಕ್ಕೊಂದು ಕೂರುವ ಕಚ್ಚು ಕೊಯ್ಯುವುದು ಮಾತ್ರ ಬಾಕಿ. ಅಂಗಳದಾಚೆಯ ಮರಗೆಲಸದ ಚಪ್ಪರಕ್ಕೆ ಹೋಗಿ ಉಳಿ ಕೈಗೆತ್ತಿಕೊಂಡಾಗಲೆಲ್ಲ ಏನೋ ಮರೆತಂತಾಗಿ ಹೊರಗೆ ಬರುತ್ತಿದ್ದ. ಹೊರಗೆ ಬಂದರೆ ನಿಲ್ಲಲಾಗುತ್ತಿರಲಿಲ್ಲ, ಮತ್ತೆ ಒಳಗೆ ಹೋಗುತ್ತಿದ್ದ.

"ಆಗುತ್ತೆ" ಎಂದ.

"ಆದ ಹಾಗೇ" ಎಂದಳು ಹಾರ್ಟೆನ್ಸ್.

* * *

ಯೂಲಾಲಿ ಕಪಾಟು ಬೇಕೆಂದು ಮೊದಲು ಕೇಳಿದಾಗ ಮಗಳು ಜಸಿಂತ್‌ಗೆ ಹಾಲುಹಲ್ಲು ಬಿದ್ದಿರಲಿಲ್ಲ. ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರವನ್ನು ಊಟದ ಮೇಜಿನ ಮೇಲಿಟ್ಟುಕೊಂಡು ಅವಳು ಹೊಲಿಯುತ್ತಿದ್ದಳು. ಊಟದ ಹೊತ್ತಿಗೆ ಯಂತ್ರ ನೆಲಕ್ಕೆ, ಕತ್ತರಿಸಿಟ್ಟ ನೀಲಿ ಬಟ್ಟೆಯೆಲ್ಲ ಮಂಚಕ್ಕೆ. ಅನ್ನದಲ್ಲಿ ಗುಂಡುಸೂಜಿ ಸಿಕ್ಕಿದ್ದೂ ಉಂಟು.

"ನಾಳೆ ಶುರು ಮಾಡ್ತೀನಿ" ಎಂದಿದ್ದ ಆಸ್ಬರ್ನ್.

ಅವನು ಸೋಮಾರಿಯಲ್ಲ, ಅದನ್ನು ಹೇಳಲೇಬೇಕು. ಚರ್ಚಿನ ಬೆಂಚು, ಶಾಲೆಯ ಕಿಟಕಿ, ಊರವರ ಬಾಗಿಲು, ತೊಟ್ಟಿಲು, ಶವಪೆಟ್ಟಿಗೆ ಎಲ್ಲ ಅವನದೇ ಕೈಕೆಲಸ. ಅವನ ಸ್ವಂತ ಅಡಿಗೆಮನೆಗೆ ಮಾತ್ರ ಬಾಗಿಲಿನ ಜಾಗದಲ್ಲಿ ಪರದೆ ಇಳಿಬಿಟ್ಟಿತ್ತು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗೆ.

"ಪಿನಾಕ್, ಸತ್ತೋರಿಗೆ ಒಂದೇ ದಿನದಲ್ಲಿ ಪೆಟ್ಟಿಗೆ ಮಾಡಿಕೊಡ್ತೀಯ" ಎಂದಿದ್ದಳು ಒಮ್ಮೆ. ಗಂಡನನ್ನು ಅವಳು ಮನೆಹೆಸರು ಹಿಡಿದೇ ಕರೆಯುತ್ತಿದ್ದಳು. "ನನ್ನ ಕೆಲಸ ಬೇಗ ಆಗ್ಬೇಕಂದ್ರೆ ನಾನೂ ಸಾಯಬೇಕೇನು?"

ಅವನು ನಕ್ಕಿದ್ದ. ಹೆಂಗಸಿನ ಮಾತು ಚೆನ್ನಾಗಿದೆಯೆಂದು ಅಂಗಡಿ ಕಟ್ಟೆಯಲ್ಲಿ ಕೂತವರಿಗೂ ಹೇಳಿ ನಗಿಸಿದ್ದ.

ಹದಿನೆಂಟು ವರ್ಷ ಆ 'ನಾಳೆ'ಯಲ್ಲೇ ಕಳೆಯಿತು. ಆಮೇಲೆ ಗಿಲ್ಬರ್ಟ್ ಚಂಡಮಾರುತ ಬಂತು. ಊರಿನ ಅರ್ಧ ತಗಡು ಕಣಿವೆಗೆ ಹಾರಿತು. ಮನೆ ಹಿಂದಿನ ದೊಡ್ಡ ಸೀಡರ್ ಮರ ಬುಡ ಸಮೇತ ಮಲಗಿತು. ಆಸ್ಬರ್ನ್ ಬೆಳಿಗ್ಗೆ ಎದ್ದರೆ ಇವರ ಮನೆ ಛಾವಣಿ, ಅವರ ಮನೆ ಛಾವಣಿ. ಯೂಲಾಲಿ ಮರ ಕೊಯ್ಯುವವರನ್ನು ತಾನೇ ಕರೆಸಿ ಆ ಸೀಡರನ್ನು ಹಲಗೆ ಮಾಡಿಸಿದಳು. ಮನೆಯಡಿಯ ನೆರಳಿನಲ್ಲಿ ಪೇರಿಸಿ ಒಣಗಿಸಿದಳು. ಒಣಗಿದ ಮೇಲೂ ಗಂಡ 'ನಾಳೆ' ಎಂದಾಗ ಅವನ ಹಳೆಯ ಗರಗಸ ತೆಗೆದುಕೊಂಡು ಕೋಣೆ ಸೇರಿದಳು.

ಮರಗೆಲಸ ಅವಳಿಗೆ ಬರುತ್ತಿರಲಿಲ್ಲ, ಬರುತ್ತಿದ್ದದ್ದು ಬಟ್ಟೆಗೆಲಸ. ಹಾಗಾಗಿ ಮೊದಲು ಕಂದು ಕಾಗದದಲ್ಲಿ ಇಡೀ ಕಪಾಟನ್ನು ಕತ್ತರಿಸಿ ಗೋಡೆಗೆ ಗುಂಡುಸೂಜಿಯಿಂದ ಚುಚ್ಚಿದಳು. ನೋಡಿದಳು, ಸೊಂಟ ಸರಿಯಿಲ್ಲದ ಲಂಗವನ್ನು ಸರಿಪಡಿಸುವಂತೆ ಅಲ್ಲಿಷ್ಟು ಇಲ್ಲಿಷ್ಟು ತೆಗೆದಳು. ಆಮೇಲೆ ಕಾಗದವನ್ನು ಹಲಗೆಯ ಮೇಲೆ ಹಾಸಿ ಸೀಮೆಸುಣ್ಣದಲ್ಲಿ ಗೀಟೆಳೆದಳು. ಅಳತೆಯೆಲ್ಲ ಅವಳ ಮೈಯದೇ. ಕೈ ಎತ್ತಿದರೆ ಎಟುಕುವಲ್ಲಿ ಮೇಲಿನ ಅಂಕಣ, ಕೂತರೆ ಮೊಣಕೈ ಬರುವಲ್ಲಿ ಮೇಜು.

ಒಂದೇ ತಪ್ಪಾಯಿತು. ಬಟ್ಟೆ ಕತ್ತರಿಸುವವಳ ಕೈ, ಪ್ರತಿ ಹಲಗೆಯ ಎರಡೂ ಅಂಚಿಗೆ ಅರ್ಧರ್ಧ ಇಂಚು ಹೊಲಿಗೆಗೆಂದು ಬಿಟ್ಟಿತ್ತು. ಬಟ್ಟೆಯಾದರೆ ಅದು ಒಳಗೆ ಮಡಚಿಹೋಗುತ್ತದೆ, ಮರ ಎಲ್ಲಿಗೆ ಹೋಗಬೇಕು? ಜೋಡಿಸಿದಾಗ ಕಪಾಟು ಅರ್ಧ ಅಡಿ ಹೆಚ್ಚು ಅಗಲವಾಗಿ, ಕಂಬದಿಂದ ಕಂಬಕ್ಕೆ ಗಿಡಿದುಕೊಂಡು ಕೂತಿತು. ಬಾಗಿಲಿಂದ ಎಂದೆಂದೂ ಹೊರಬರದ ಹಾಗೆ.

"ಮರಕ್ಕೆ ಹೊಲಿಗೆ ಬಿಟ್ಟವಳು!" ಎಂದು ಆಸ್ಬರ್ನ್ ಹೊಟ್ಟೆ ಹಿಡಿದುಕೊಂಡು ನಕ್ಕ. ವಾರದಲ್ಲಿ ಊರೆಲ್ಲ ನಕ್ಕಿತು.

ಅದೇ ದಿನಗಳಲ್ಲಿ ಒಮ್ಮೆ ಅವನು ಚಪ್ಪರದಲ್ಲಿ ನಿಂತು ಕೀಸುಳಿ ಆಡಿಸುತ್ತಿದ್ದಾಗ ಯೂಲಾಲಿ ಅಳತೆ ಪಟ್ಟಿ ಹಿಡಿದು ಬಂದಿದ್ದಳು. "ನೆಟ್ಟಗೆ ನಿಲ್ಲು. ನಿಂಗೊಂದು ಪ್ಯಾಂಟು ಹೊಲೀತೀನಿ."

ಸೊಂಟ ಅಳೆಯಲಿಲ್ಲ. ಮೊಣಕೈ ಮಡಚಿಸಿ, ಅಲ್ಲಿಂದ ನೆಲಕ್ಕೆ ಪಟ್ಟಿ ಇಳಿಬಿಟ್ಟಳು. ಅವನು ನಿಂತು ಮರ ಕೀಸುವ ಎತ್ತರದ ಕೆಲಸದ ಮಣೆಗೂ ಪಟ್ಟಿ ಹಿಡಿದಳು.

"ಪ್ಯಾಂಟಿಗೆ ಮೊಣಕೈ ಯಾಕೇ?"

"ದರ್ಜಿ ನಾನೋ ನೀನೋ?"

ಆ ಪ್ಯಾಂಟು ಬರಲೇ ಇಲ್ಲ. "ನನ್ನ ಮೊಣಕೈ ಪ್ಯಾಂಟು ಎಲ್ಲಿ?" ಎಂದು ಅವನು ವರ್ಷಗಟ್ಟಲೆ ಅವಳನ್ನು ಛೇಡಿಸಿದ್ದ. ಅವಳು ಬಾಯಲ್ಲಿ ದಾರ ಕಚ್ಚಿಕೊಂಡು ಯಂತ್ರದ ಹಿಡಿ ತಿರುಗಿಸುತ್ತಿದ್ದಳು.

* * *

ಹನ್ನೊಂದೂವರೆಗೆ ಜಸಿಂತ್ ಅಪ್ಪನನ್ನು ಹುಡುಕಿಕೊಂಡು ಚಪ್ಪರಕ್ಕೆ ಬಂದಳು. ನಲವತ್ತಮೂರರ ಎತ್ತರದ ಹೆಂಗಸು, ಮೊಂಟೆಗೊ ಬೇ ಪಟ್ಟಣದಲ್ಲಿ ಶಾಲೆ ಟೀಚರು. ಕಪ್ಪು ಉಡುಪಿನ ಮೇಲೆ ಅಮ್ಮನ ಅಡಿಗೆ ಬಟ್ಟೆ ಕಟ್ಟಿಕೊಂಡಿದ್ದಳು. ಶಿಲುಬೆಯ ಎರಡು ಹಲಗೆ ಇನ್ನೂ ಎರಡೇ ಆಗಿ ಬಿದ್ದಿದ್ದವು. ಆಸ್ಬರ್ನ್ ಗರಗಸಕ್ಕೆ ಎಣ್ಣೆ ಸವರುತ್ತಿದ್ದ. ಮೂರನೆಯ ಸಲ.

"ವ್ಯಾನಿನವ್ರು ಫೋನ್ ಮಾಡಿದ್ರು ಅಪ್ಪ. ಹೊರಟಿದ್ದಾರಂತೆ."

"ಹ್ಞೂಂ."

"ದೊಡ್ಡಮ್ಮ ಹೇಳಿದ್ದು ಮಾಡಿಬಿಡು. ನಂಗೂ ಇಷ್ಟ ಇಲ್ಲ. ಆದ್ರೂ ಮಾಡಿಬಿಡು."

"ನೀನು ಓದಿದವಳು. ನೀನೂ ಇದನ್ನ ನಂಬ್ತೀಯಾ?"

ಜಸಿಂತ್ ಹಲಗೆಯ ಅಂಚನ್ನು ಬೆರಳಲ್ಲಿ ಸವರುತ್ತ ನಿಂತಳು. "ಮೂರು ಸಲ ಕನಸು ಬಿತ್ತು. ಅಮ್ಮ ಆ ಮೇಜಿನ ಮುಂದೆ ಕೂತಿದ್ದಾಳೆ. ಶಾಲೆ ಶುರುವಾಗೋಕೆ ಮುಂಚೆ ಕೂರ್ತಿದ್ದಳಲ್ಲ, ಹಾಗೆ. ಕಣ್ಣು ಕೆಂಪಗೆ. ಮುಗೀತಾ ಅಮ್ಮ ಅಂತ ಕೇಳ್ತೀನಿ. ಇನ್ನೂ ನಲವತ್ತು ಲಂಗ ಇದೆ ಅಂತಾಳೆ."

ಆಸ್ಬರ್ನ್ ಗರಗಸ ಕೆಳಗಿಟ್ಟ. ಮತ್ತೆ ಎತ್ತಿಕೊಂಡ.

"ಬಂದ್ರೆ ಬರಲಿ ಬಿಡು" ಎಂದ.

"ಏನಂದೆ?"

"ಬಂದು ಕೂತ್ಕೊಳ್ಳಲಿ. ನಂಗೇನು ಭಯ ಇಲ್ಲ."

"ಅಪ್ಪ!" ಜಸಿಂತ್ ಹಲಗೆಯಿಂದ ಕೈ ಕಿತ್ತಳು. "ನಿಂಗೆ ಒಂಟಿ ಆಗುತ್ತೆ ಅಂತ ಅಮ್ಮ ಅಲೀತಾನೇ ಇರಬೇಕಾ? ಬದುಕಿದ್ದಾಗ ಒಂದು ದಿನ ಆದ್ರೂ ಅವಳ ಪಕ್ಕ ಹೋಗಿ ಕೂತಿದ್ಯಾ ನೀನು? ಈಗ ಬೇಕಾಯ್ತಾ?"

ಅವಳು ಅಳುತ್ತಲೇ ಹೊರಟುಹೋದಳು. ಅವಳು ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ, ಅದಕ್ಕೇ ಆಸ್ಬರ್ನ್‌ಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಚಪ್ಪರದಿಂದ ಹೊರಬಂದ, ಗೋರಿಯ ಗುಂಡಿಯವರೆಗೆ ಹೋದ, ಗುಂಡಿಯೊಳಗಿದ್ದವರು ಕೊಟ್ಟ ರಮ್ಮನ್ನು ಕುಡಿಯದೆ ನೆಲಕ್ಕೆ ಸುರಿದು ವಾಪಸಾದ. ಸಾರಿನ ಹಂಡೆಯ ಹತ್ತಿರ ನಿಂತ. ಒಬ್ಬಳು ಬಟ್ಟಲು ಚಾಚಿದಳು, ಬೇಡವೆಂದ. ಕೊನೆಗೆ ಗರಗಸ ಹಿಡಿದು ಮೆಟ್ಟಿಲು ಹತ್ತಿದ.

"ಇನ್ನೊಂದು ಕಡೆ ನಾನು ಹಿಡೀಲಾ ಮಾಸ್ ಪಿನಾಕ್?" ಹಿರಿಯರಿಗೆ ನಮ್ಮಲ್ಲಿ ಹಚ್ಚುವ 'ಮಾಸ್' ಹಚ್ಚಿ ಕ್ಲಾಡಿ ಕೇಳಿದ.

"ಯಾರೂ ಬರಬೇಡಿ."

* * *

ಕಪಾಟು ಮುಗಿದ ದಿನ ಶನಿವಾರ. ಆಸ್ಬರ್ನ್ ಕೆಲಸದಿಂದ ಬಂದಾಗ ಯೂಲಾಲಿ ಮೇಜು ಬಿಡಿಸಿ, ಯಂತ್ರ ಇಟ್ಟು, ಒಂದು ತುಂಡು ಬಟ್ಟೆಗೆ ಉದ್ದಕ್ಕೂ ಹೊಲಿಗೆ ಹಾಕುತ್ತಿದ್ದಳು. ತಲೆಗೂದಲಲ್ಲಿ ಮರದ ಹೊಟ್ಟು, ಕಿವಿಯ ಮೇಲೆ ಅವನದೇ ಪೆನ್ಸಿಲು. ಅಷ್ಟು ಖುಷಿಯಾಗಿ ಅವಳನ್ನು ಅವನು ಬಹಳ ದಿನದಿಂದ ಕಂಡಿರಲಿಲ್ಲ.

ಅವನು ಬಾಗಿಲಲ್ಲೇ ನಿಂತು ನೋಡಿದ. ಕೆಲಸ ಚೆನ್ನಾಗಿತ್ತು. ಬಡಗಿಯ ಕಣ್ಣಿಗೆ ಅದು ಒಂದೇ ನೋಟಕ್ಕೆ ಗೊತ್ತಾಯಿತು, ಗೊತ್ತಾದದ್ದೇ ಚುಚ್ಚಿತು.

"ಒಂಟಿ ಕಾಲಿನ ಮೇಜು" ಎಂದ. "ಒಂದು ತಿಂಗಳು ನಿಂತ್ರೆ ಹೆಚ್ಚು."

"ಒಳಗೆ ಬಾ ಪಿನಾಕ್. ಇನ್ನೊಂದು ತೋರಿಸೋದಿದೆ."

"ಡಾಮಿನೊ ಆಟಕ್ಕೆ ಕಾಯ್ತಿದ್ದಾರೆ."

"ಒಂದೇ ನಿಮಿಷ."

"ನಾಳೆ ನೋಡ್ತೀನಿ."

ಆ 'ನಾಳೆ' ಬಂದಾಗ ಅವಳು ಕರೆಯಲಿಲ್ಲ. ಆಟದ ಕಟ್ಟೆಯಲ್ಲಿ ಕ್ಲಾಡಿ, "ಪಿನಾಕ್ ಮನೇಲಿ ಬಡಗಿ ಲಂಗ ಹಾಕ್ತಾನಂತೆ" ಎಂದು ಹೇಳಿ ಎಲ್ಲರನ್ನೂ ನಗಿಸಿದ್ದ. ಆ ನಗೆ ಆಸ್ಬರ್ನ್‌ನ ಹೊಟ್ಟೆಯಲ್ಲಿ ಉಳಿಯಿತು. ಅಂದಿನಿಂದ ಅವನು ಆ ಕಪಾಟಿಗೆ ಕೈ ತಾಗಿಸಲಿಲ್ಲ. ಅದರ ಮೇಜಿನ ಮೇಲೆ ಟೋಪಿ ಕೂಡ ಇಡಲಿಲ್ಲ. ತಿಂಗಳಲ್ಲಿ ಬೀಳಬೇಕಾಗಿದ್ದ ಮೇಜು ಬೀಳಲೂ ಇಲ್ಲ.

* * *

ಕೊಯ್ಯುವ ಮೊದಲು ಖಾಲಿ ಮಾಡಬೇಕು. ಆಸ್ಬರ್ನ್ ಬಾಗಿಲು ಹಾಕಿಕೊಂಡು, ಮೊಣಕಾಲೂರಿ ಕೆಳಗಿನ ಗೂಡಿನಿಂದ ಶುರುಮಾಡಿದ. ನೀಲಿ ಬಟ್ಟೆಯ ಸುರುಳಿಗಳು, ಗುಂಡಿಗಳ ಬಿಸ್ಕತ್ತಿನ ಡಬ್ಬಿ, ದಾರ ಉಜ್ಜುವ ಜೇನುಮೇಣದ ಉಂಡೆ. ಎಲ್ಲದರ ಹಿಂದೆ, ಗೋಡೆಗೆ ಆನಿಸಿ, ಬಟ್ಟೆಯಲ್ಲಿ ಸುತ್ತಿ ಹೊಲಿದ ಉದ್ದನೆಯದೊಂದು.

ಹೊಲಿಗೆ ಕಿತ್ತು ಬಿಚ್ಚಿದ. ಮೇಜಿನ ಕಾಲು. ಸೀಡರಿನದೇ, ನುಣುಪಾಗಿ ಕೀಸಿದ್ದು, ಒಮ್ಮೆಯೂ ನೆಲ ತಾಗದ್ದು. ಮೇಜಿಗೆ ಈಗ ಇದ್ದ ಕಾಲಿನ ಪಕ್ಕದಲ್ಲಿ ನಿಲ್ಲಿಸಿ ನೋಡಿದ. ಗೇಣಿಗೆ ಸ್ವಲ್ಪ ಕಡಿಮೆ, ಅಷ್ಟು ಉದ್ದ ಹೆಚ್ಚು.

ಅಳತೆ ತಪ್ಪಿ ಕೊಯ್ದದ್ದಿರಬೇಕು ಅಂದುಕೊಂಡ. ಆದರೆ ತಪ್ಪಿ ಕೊಯ್ದದ್ದನ್ನು ಯಾರೂ ತುದಿಗೆ ಕಚ್ಚು ತೆಗೆದು, ಕೀಸಿ, ಬಟ್ಟೆ ಹೊಲಿದು ಇಡುವುದಿಲ್ಲ. ಕಾಲು ಎತ್ತರವಾದರೆ ಹಲಗೆಯೂ ಎತ್ತರಕ್ಕೆ ಹೋಗಬೇಕು. ಹಲಗೆ ತಿರುಗುತ್ತಿದ್ದದ್ದು ಕಪಾಟಿನ ಎರಡು ಪಕ್ಕದ ತೂತುಗಳಲ್ಲಿ ಕೂತ ಮರದ ಗೂಟಗಳ ಮೇಲೆ. ಹಾಗಾದರೆ ಮೇಲೆ ಇನ್ನೆರಡು ತೂತು ಇರಬೇಕು. ಅವನು ಎದ್ದು ನಿಂತ. ಒಳಪಕ್ಕಕ್ಕೆ ಚುಚ್ಚಿದ್ದ ಲಂಗ, ಅಂಗಿಗಳ ಅಳತೆಯ ಕಂದು ಕಾಗದಗಳನ್ನು ಒಂದೊಂದಾಗಿ ಕಿತ್ತ. ಕೊನೆಯ ಕಾಗದದ ಹಿಂದೆ, ಮರದಲ್ಲಿ ಕಾಸಿನಗಲದ ಕಪ್ಪು ಮಚ್ಚೆ. ಇನ್ನೊಂದು ಪಕ್ಕದಲ್ಲೂ ಅದೇ ಎತ್ತರಕ್ಕೆ ಇನ್ನೊಂದು.

ಉಗುರಿಂದ ಕೆರೆದ. ಜೇನುಮೇಣ. ಹುಳು ಹೊಗದಿರಲೆಂದು ತುಂಬಿದ್ದಳು. ಸೂಜಿಯನ್ನು ಸುತ್ತ ಆಡಿಸಿ ಮೆಲ್ಲಗೆ ಮೀಟಿದಾಗ ಬಿಲ್ಲೆ ಇಡಿಯಾಗಿಯೇ ಅಂಗೈಗೆ ಬಂತು. ಅದರ ಮೇಲೆ ಹೆಬ್ಬೆರಳಿನ ಗುರುತಿತ್ತು. ಸಣ್ಣ ಹೆಬ್ಬೆರಳು, ಗೆರೆಗೆರೆಯೂ ಕಾಣುವಂತೆ ಒತ್ತಿದ್ದು. ಎರಡನೆಯದರ ಮೇಲೂ ಹಾಗೆಯೇ. ಎರಡನ್ನೂ ಜೇಬಿಗಿಟ್ಟುಕೊಂಡ.

ಆಮೇಲೆ ಅವನ ಕೈ ತಾನಾಗಿ ಕೆಲಸ ಮಾಡಿತು. ಗೂಟ ತಟ್ಟಿ ತೆಗೆದ, ಹಲಗೆ ಎತ್ತಿದ, ಮೇಲಿನ ತೂತಿಗೆ ಗೂಟ ಕೂರಿಸಿದ, ಉದ್ದದ ಕಾಲು ಕೊಟ್ಟ. ಕಾಲು ತನ್ನ ಕಚ್ಚಿಗೆ 'ಟಕ್' ಎಂದು ಕೂತಿತು. ಮೇಜಿನ ಮುಂದೆ ನಿಂತು ಮೊಣಕೈ ಮಡಚಿದ. ಹಲಗೆ ಮೊಣಕೈಗಿಂತ ಅರ್ಧ ಗೇಣು ಕೆಳಗಿತ್ತು. ಚಪ್ಪರದಲ್ಲಿದ್ದ ಅವನ ಕೆಲಸದ ಮಣೆಯ ಎತ್ತರ, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅವನಿಗೆ ಪ್ಯಾಂಟು ನೆನಪಾಯಿತು.

"ಯೂಲಿ" ಎಂದ ಗಟ್ಟಿಯಾಗಿ. "ಇದೇನೇ ಅದು? ಇದನ್ನೇನೇ ತೋರಿಸ್ತೀನಿ ಅಂದಿದ್ದು?"

ಎರಡೂ ಅಂಗೈ ಹಲಗೆಗೆ ಊರಿ ಅತ್ತ. ಹನ್ನೆರಡು ದಿನದಲ್ಲಿ ಅದೇ ಮೊದಲು. ಹೆಂಡತಿ ಸತ್ತಳೆಂದು ಅತ್ತನೋ, ಹತ್ತೊಂಬತ್ತು ವರ್ಷ ಈ ಕಪಾಟಿನ ಕಡೆಗೆ ಎರಡು ಹೆಜ್ಜೆ ಇಡದೇ ಹೋದೆನಲ್ಲ ಎಂದು ಅತ್ತನೋ, ಅವನಿಗೇ ಬೇರೆ ಮಾಡಿ ಹೇಳಲು ಬರುತ್ತಿರಲಿಲ್ಲ. ಒಂದೇ ಕಾಲಿನ ಮೇಜು ಅವನ ಭಾರಕ್ಕೆ ಅಲುಗಲಿಲ್ಲ.

ಬಾಗಿಲು ತಟ್ಟಿತು. "ಮಾಸ್ ಪಿನಾಕ್!" ಕ್ಲಾಡಿ. "ವ್ಯಾನ್ ಸೇತುವೆ ದಾಟಿತಂತೆ. ಒಳಗೆ ಗರಗಸದ ಸದ್ದೇ ಇಲ್ವಲ್ಲ?"

ಆಸ್ಬರ್ನ್ ಮುಖ ಒರೆಸಿಕೊಂಡು ಬಾಗಿಲನ್ನು ಒಂದು ಬೆರಳಿನಷ್ಟು ತೆರೆದ. "ಚಪ್ಪರದಲ್ಲಿ ಶಿಲುಬೆ ಹಲಗೆ ಇದೆ, ತಗೊಂಡು ಬಾ. ಉಳಿ, ಕೊಡತಿನೂ ತಾ. ಓಡು!"

"ಈಗಲಾ?"

"ಈಗಲೇ!"

ಕ್ಲಾಡಿ ಓಡಿದ, ತಂದ, ಬಾಗಿಲಲ್ಲೇ ಬಾಯಿ ತೆರೆದು ನಿಂತ. ಆಸ್ಬರ್ನ್ ಹಲಗೆಯನ್ನು ಮೇಜಿಗೆ ಒತ್ತಿ ಹಿಡಿದು ಗೆರೆ ಎಳೆದ, ಗರಗಸ ಆಡಿಸಿದ, ಉಳಿ ಇಟ್ಟ. ಕೈ ನಡುಗುತ್ತಲೇ ಇತ್ತು, ಆದರೆ ಮಣಿಕಟ್ಟು ಹಲಗೆಗೆ ಊರಿದ್ದರಿಂದ ನಡುಕ ಉಳಿಯವರೆಗೆ ಹೋಗಲಿಲ್ಲ. ಸೀಡರಿನ ಚಕ್ಕೆಗಳು ನೀಲಿ ದಾರದ ತುಣುಕುಗಳ ಮೇಲೆ ಬಿದ್ದವು. ಕಾಲು ಗಂಟೆಯಲ್ಲಿ ಎರಡು ಹಲಗೆ ಒಂದರೊಳಗೊಂದು ಕೂತು ಶಿಲುಬೆಯಾದವು.

"ಸಿಸ್ಟರ್!" ಕ್ಲಾಡಿ ಜಗಲಿಗೆ ಕೂಗಿದ. "ಕೊ‌ಯ್ಯಲಿಲ್ಲ, ಇಲ್ಲಿ ಬೇರೆನೇ ನಡೀತಿದೆ!"

ಹಾರ್ಟೆನ್ಸ್ ಕೋಲೂರುತ್ತ ಬಂದಳು, ಹಿಂದೆ ಜಸಿಂತ್. ಬೈಯಲೆಂದೇ ಬಂದವಳಿಗೆ ಉದ್ದದ ಕಾಲು ಕಣ್ಣಿಗೆ ಬಿತ್ತು. ಅವಳು ಮೇಜಿನ ಹತ್ತಿರ ಬಂದಳು. ತಂಗಿಯಷ್ಟೇ ಕುಳ್ಳು. ಕುರ್ಚಿ ಎಳೆಸಿಕೊಂಡು ಕೂತಳು. ಹಲಗೆ ಅವಳ ಗದ್ದಕ್ಕೆ ಬಂತು. ಎದ್ದಳು, ಮೊಣಕೈ ಊರಲು ನೋಡಿದಳು, ಹೆಗಲು ಮೇಲೆದ್ದಿತು.

"ಇದು ಯೂಲಿಯ ಮೇಜಲ್ಲ" ಎಂದಳು.

"ಅಲ್ಲ."

"ಮತ್ತೆ ಯಾರದ್ದು?"

"ನಂದು" ಎಂದ ಆಸ್ಬರ್ನ್. "ಅವಳೇ ಮಾಡಿಟ್ಟಿದ್ದು. ನಾನು ಈವತ್ತು ನೋಡಿದೆ."

ಜಸಿಂತ್ ನೆಲದಲ್ಲಿದ್ದ ಹೊಲಿಗೆ ಕಿತ್ತ ಬಟ್ಟೆ ನೋಡಿದಳು, ಗಿಡ್ಡ ಕಾಲು ನೋಡಿದಳು, ಅಪ್ಪನ ಮುಖ ನೋಡಿದಳು. ಗಿಡ್ಡ ಕಾಲನ್ನು ಅದೇ ಬಟ್ಟೆಯಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡಳು. "ಇದನ್ನ ಏನ್ ಮಾಡಲಿ ದೊಡ್ಡಮ್ಮ?"

"ಪೆಟ್ಟಿಗೆಯೊಳಗೆ ಇಡು. ಅವಳ ಅಳತೆ ಅವಳ ಜೊತೆ ಹೋಗಲಿ."

ಕೆಳಗೆ ರಸ್ತೆಯ ತಿರುವಿನಲ್ಲಿ ವ್ಯಾನಿನ ಹಾರ್ನು ಕೇಳಿಸಿತು. ಅಂಗಳದಲ್ಲಿ ಹೆಂಗಸರು ಹಾಡು ಎತ್ತಿಕೊಂಡರು. ಹಾರ್ಟೆನ್ಸ್ ಇಡೀ ಕೋಣೆಯನ್ನು ಕಣ್ಣಾಡಿಸಿ ನೋಡಿದಳು. ಮಂಚ, ಕನ್ನಡಿ, ಟ್ರಂಕು, ಮೇಜು. ಆಮೇಲೆ ಕೋಲಿನ ತುದಿಯಿಂದ ಕಪಾಟಿನ ಒಳಪಕ್ಕ ತೋರಿಸಿದಳು. ಗೂಟ ಕಿತ್ತ ಕೆಳಗಿನ ತೂತುಗಳು ಬಾಯಿ ತೆರೆದುಕೊಂಡಿದ್ದವು. ಗೂಟ ದಿನಾ ತಿರುಗಿ ತಿರುಗಿ ಸುತ್ತಲಿನ ಮರ ಕನ್ನಡಿಯಂತೆ ಹೊಳೆಯುತ್ತಿತ್ತು.

"ಅವೆರಡು ಮುಚ್ಚು ಆಸ್ಬರ್ನ್. ಅದನ್ನ ಅವಳು ಗುರುತು ಹಿಡೀತಾಳೆ."

ಅವಳ ದನಿಯಲ್ಲಿ ಈ ಸಲ ಗದರಿಕೆ ಇರಲಿಲ್ಲ. ಆಸ್ಬರ್ನ್‌ಗೆ ಇಲ್ಲವೆನ್ನಲು ಮನಸ್ಸಾಯಿತು. ಜಸಿಂತ್ ಅವನನ್ನೇ ನೋಡುತ್ತಿದ್ದಳು. ನಲವತ್ತು ಲಂಗ ಇನ್ನೂ ಬಾಕಿ ಇದೆಯೆಂದ ಕನಸಿನ ಯೂಲಿಯನ್ನು ಅವನೂ ಕಂಡಂತಾಯಿತು.

"ಆಯ್ತು" ಎಂದ.

ಎಲ್ಲರೂ ಅಂಗಳಕ್ಕಿಳಿದರು. ಅವನೊಬ್ಬನೇ ಉಳಿದು ಜೇಬಿನಿಂದ ಎರಡು ಮೇಣದ ಬಿಲ್ಲೆ ತೆಗೆದ. ಮೈಯ ಬಿಸಿಗೆ ಮೆತ್ತಗಾಗಿದ್ದವು. ಒಂದನ್ನು ಎಡಗಡೆಯ ತೂತಿಗಿಟ್ಟು ಹೆಬ್ಬೆರಳಿಂದ ಒತ್ತಿದ. ಬಿಲ್ಲೆ ಸರಿಯಾಗಿ ಕೂತಿತು. ಕೈ ತೆಗೆದು ನೋಡಿದರೆ ಅವಳ ಬೆರಳಿನ ಗೆರೆಗಳು ಹೋಗಿ, ಅಲ್ಲಿ ಅವನ ದಪ್ಪ ಹೆಬ್ಬೆರಳಿನ ಗುರುತಿತ್ತು.

ಹೊರಗೆ ಪೆಟ್ಟಿಗೆ ವ್ಯಾನಿನಿಂದ ಇಳಿಯಿತು. "ನಿಧಾನ, ನಿಧಾನ, ಮೆಟ್ಟಿಲಿದೆ" ಎಂದು ಕ್ಲಾಡಿ ಹೇಳುವುದು ಕೇಳಿಸಿತು. ಜಗಲಿಯ ಹಲಗೆಗಳ ಮೇಲೆ ಹೊತ್ತವರ ಹೆಜ್ಜೆ ಸದ್ದು ಹತ್ತಿರವಾಯಿತು.

ಆಸ್ಬರ್ನ್ ಎರಡನೆಯ ಬಿಲ್ಲೆಯನ್ನು ಬಲಗಡೆಯ ತೂತಿಗಿಟ್ಟ. ಬೆರಳು ತಾಗಿಸಲಿಲ್ಲ. ಉಳಿಯ ಹಿಡಿಯಿಂದ ಅಂಚನ್ನಷ್ಟೇ ಸುತ್ತಲೂ ಮೆಲ್ಲಗೆ, ಮೆಲ್ಲಗೆ ಒತ್ತುತ್ತ ಬಂದ. ಪೆಟ್ಟಿಗೆ ಬಾಗಿಲಿಗೆ ಬಂದು ನಿಂತಾಗ ಆ ಸಣ್ಣ ಹೆಬ್ಬೆರಳಿನ ಗುರುತು ಇದ್ದ ಹಾಗೇ ಇತ್ತು. ಅವನು ಶಿಲುಬೆಯನ್ನು ಹೆಗಲಿಗೆತ್ತಿಕೊಂಡು, ಆ ಗುರುತು ಬಾಗಿಲ ಕಡೆಯಿಂದ ಕಾಣದಂತೆ ಅಡ್ಡ ನಿಂತ.